ಗಿಳಿ ಎಷ್ಟು ವರ್ಷ ಬದುಕುತ್ತೆ ಅಂತ ಯಾರೂ ಕೇಳಲ್ಲ

ಮಾನ್ಯ ಸಂಪಾದಕರೆ,

2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬರುವ ಸರ್ಕಾರಿ ಬಸ್ಸಿನಲ್ಲಿ ನಡೆದ ಒಂದು ಸಂಗತಿ ನಿಮ್ಮ ಓದುಗರಿಗೆ ನೆನಪಿರಬಹುದು. ಅಜ್ಜಿ, ಮೊಮ್ಮಗಳು ಪಂಜರದಲ್ಲಿ ನಾಲ್ಕು ಪುಟ್ಟ ಗಿಳಿಗಳನ್ನು ಇಟ್ಟುಕೊಂಡು ಹತ್ತಿದ್ದರು. ಶಕ್ತಿ ಯೋಜನೆಯಲ್ಲಿ ಅವರಿಬ್ಬರಿಗೂ ಟಿಕೆಟ್ ಫ್ರೀ. ಗಿಳಿಗಳಿಗೆ ಮಾತ್ರ ತಲೆಗೆ 111 ರೂಪಾಯಿಯಂತೆ 444 ರೂಪಾಯಿ ಆಯಿತು. ಆ ಟಿಕೆಟ್ಟಿನ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಕ್ಕಿಗೆ ಮಕ್ಕಳ ಟಿಕೆಟ್ ಅಂತ ನಿಯಮವೇ ಇದೆ. ಆ ಕಂಡಕ್ಟರ್ ಕರುಣೆ ತೋರಿಸಿ ಸುಮ್ಮನಿದ್ದು, ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತಿದ್ದರೆ ಮೆಮೊ ಯಾರ ಕೈಗೆ ಬರುತ್ತಿತ್ತು?

ನಾನು 30 ವರ್ಷ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಜಾಸ್ತಿ ಓಡಾಡಿದ್ದು ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯ ರೂಟುಗಳಲ್ಲಿ. ಆವತ್ತು ಹಾಲಿನ ಬೂತಿನ ಹತ್ತಿರ ನಾಲ್ಕು ಜನ ಆ ಕಂಡಕ್ಟರನ್ನು ಆಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಗಿಳಿಯ ಟಿಕೆಟ್ ಪರವಾಗಿ ಹತ್ತು ನಿಮಿಷ ವಾದ ಮಾಡಿದೆ. ನಮ್ಮ ಎದುರುಮನೆ ಮೇಷ್ಟ್ರು ಅಲ್ಲೇ ನಿಂತು ಕೇಳಿಸಿಕೊಂಡರು. ನಾನು ಮಾತಾಡಿದ್ದು ನಿಯಮದ ಬಗ್ಗೆ. ಅವರಿಗೆ ಅರ್ಥವಾಗಿದ್ದು, ಈ ಮನುಷ್ಯನಿಗೆ ಹಕ್ಕಿ ಅಂದರೆ ಪ್ರಾಣ ಅಂತ.

ಅದರ ಫಲ ಈ ವರ್ಷ ಯುಗಾದಿ ಕಳೆದ ವಾರ ನಮ್ಮ ಮನೆಗೆ ಬಂತು, ಪಂಜರದ ಸಮೇತ.

ಮೇಷ್ಟ್ರ ಮಗಳು ಅಮೆರಿಕದಲ್ಲಿ. ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಆರು ತಿಂಗಳು ಹೋಗಬೇಕಿತ್ತು. ಅವರ ಮನೆಯಲ್ಲಿ ಒಂಬತ್ತು ವರ್ಷದ ಒಂದು ಆಫ್ರಿಕನ್ ಗ್ರೇ ಗಿಳಿ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮದ ಹಾಗೆ ಕೆಂಪು. ಹೆಸರು ರಾಜು. ಈ ಜಾತಿಯಲ್ಲಿ ಗಂಡು ಹೆಣ್ಣು ಸುಮ್ಮನೆ ನೋಡಿದರೆ ಗೊತ್ತಾಗುವುದಿಲ್ಲ. ಹೆಸರಿಟ್ಟು ಎರಡು ವರ್ಷವಾದ ಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಹೆಣ್ಣು ಅಂತ ಬಂತಂತೆ. ಅಷ್ಟರಲ್ಲಿ ಅದಕ್ಕೆ ರಾಜು ಅಂದರೇನೇ ತಿರುಗಿ ನೋಡುವ ಅಭ್ಯಾಸ. ಹಾಗಾಗಿ ರಾಜು ರಾಜುವೇ ಆಗಿ ಉಳಿದಳು.

ಮೇಷ್ಟ್ರು ಮೊದಲು ತಮ್ಮ ತಂಗಿಯನ್ನು ಕೇಳಿದರು, ಆಮೇಲೆ ಷಡ್ಡಕನನ್ನು. ಗಿಳಿ ಮಾತಾಡುವಾಗ ವಿಡಿಯೊ ಮಾಡಿಕೊಂಡು ಹೋಗುತ್ತಿದ್ದವರೆಲ್ಲ ಆರು ತಿಂಗಳು ಅಂದ ಕೂಡಲೇ ಹಿಂದೆ ಸರಿದರು. ಕೊನೆಗೆ ನನ್ನ ಹತ್ತಿರ ಬಂದರು. "ಕಂಡಕ್ಟ್ರೇ, ನಿಮಗೆ ಹಕ್ಕಿ ಅಂದ್ರೆ ಇಷ್ಟ ಅಲ್ವಾ?" ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಾನು ಅಲ್ಲಿಯವರೆಗೆ ಸಾಕಿದ್ದು ಒಂದು ಹಸು, ಎರಡು ನಾಯಿ. ಹಕ್ಕಿ ಸಾಕಿದ್ದು ಇದೇ ಮೊದಲು.

ಪಂಜರದ ಜೊತೆ ಒಂದು ನೋಟ್‌ಬುಕ್ ಕೊಟ್ಟರು. ಹದಿನೆಂಟು ಪುಟ ಬರೆದಿದ್ದರು, ಮೇಷ್ಟ್ರಲ್ಲವೇ. ಜೊತೆಗೆ ಒಂದು ನೋಂದಣಿ ಪತ್ರದ ಪ್ರತಿ. ಇಂಥ ವಿದೇಶಿ ಗಿಳಿಯನ್ನು ಇಟ್ಟುಕೊಂಡವರು ಪರಿಸರ ಸಚಿವಾಲಯದ ಪರಿವೇಶ್ ಅನ್ನುವ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಆಫ್ರಿಕನ್ ಗ್ರೇ ಅಂತೂ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿ 2017ರಿಂದ ಇದೆ. ಆಫ್ರಿಕದ ಕಾಡಿನಲ್ಲಿ ಅಷ್ಟು ಹಿಡಿದು ಮಾರಿದ್ದಾರೆ. ರಾಜು ಇಲ್ಲೇ ಹುಟ್ಟಿದ ಹಕ್ಕಿ, ಕಾಲಲ್ಲಿ ಮರಿಯಿದ್ದಾಗಲೇ ಹಾಕಿದ ಉಂಗುರವಿದೆ. ಆ ಉಂಗುರದ ನಂಬರನ್ನು ಮೇಷ್ಟ್ರು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿದ್ದರು.

ಎರಡನೇ ಪುಟ ಓದಿದಾಗ ನನ್ನ ಹೆಂಡತಿ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲೆ ಕುಕ್ಕಿದಳು. "ನಾನ್‌ಸ್ಟಿಕ್ ಪಾತ್ರೆ ಉಪಯೋಗಿಸಲೇಬಾರದು" ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಆ ಹೆಂಚು ಜಾಸ್ತಿ ಕಾದರೆ ಅದರ ಲೇಪದಿಂದ ಒಂದು ಹೊಗೆ ಬರುತ್ತದಂತೆ. ನಮ್ಮ ಮೂಗಿಗೆ ಗೊತ್ತೂ ಆಗುವುದಿಲ್ಲ, ಹಕ್ಕಿಗೆ ಪ್ರಾಣವೇ ಹೋಗುತ್ತದೆ. ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ಮೈಯೊಳಗೆ ಗಾಳಿಚೀಲಗಳೂ ಇರುತ್ತವೆ, ನಮಗಿಂತ ಬೇಗ ವಿಷ ಏರುತ್ತದೆ ಅಂತ ಮೇಷ್ಟ್ರು ಚಿತ್ರ ಬರೆದು ತೋರಿಸಿದ್ದರು. ದೋಸೆ ಹೆಂಚು ಅಟ್ಟಕ್ಕೆ ಹೋಯಿತು. ನಮ್ಮ ಅಮ್ಮನ ಕಾಲದ ಕಬ್ಬಿಣದ ಕಾವಲಿ ಕೆಳಗೆ ಬಂತು. ಮೊದಲ ಮೂರು ದೋಸೆ ಎದ್ದು ಬರಲಿಲ್ಲ. ಆ ಮೂರಕ್ಕೂ ಬೈಸಿಕೊಂಡವನು ನಾನು.

ಅದಾದರೂ ಸರಿ. ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ ಯಾವುದರ ಹೊಗೆಯೂ ಆಗಬಾರದು ಅಂದಾಗ ಮನೆಯಲ್ಲಿ ನಿಜವಾಗಿ ಗಲಾಟೆಯಾಯಿತು. "ಮೈಸೂರಲ್ಲಿ ಇದ್ಕೊಂಡು ಊದುಬತ್ತಿ ಹಚ್ಚಬಾರದು ಅಂದ್ರೆ ಹೇಗ್ರೀ? ದೇವರು ದೊಡ್ಡವರೋ ಗಿಣಿ ದೊಡ್ಡದೋ?" ಕೊನೆಗೆ ರಾಜಿಯಾಯಿತು. ಪೂಜೆಯ ಹೊತ್ತಿಗೆ ರಾಜುವನ್ನು ಹಿಂದಿನ ರೂಮಿಗೆ ಸೇರಿಸಿ ಬಾಗಿಲು ಹಾಕುವುದು, ದೇವರಮನೆಯ ಕಿಟಕಿ ತೆಗೆಯುವುದು, ಅರ್ಧ ಗಂಟೆ ಬಿಟ್ಟು ಹೊರಗೆ ತರುವುದು. ಸೀಲಿಂಗ್ ಫ್ಯಾನಿನ ಸ್ವಿಚ್ಚಿಗೆ ಟೇಪ್ ಅಂಟಿಸಿದೆ. ತಿರುಗುವ ಫ್ಯಾನಿಗೆ ಸಿಕ್ಕಿ ಸಾಯುವ ಸಾಕುಹಕ್ಕಿಗಳು ಒಂದೆರಡಲ್ಲವಂತೆ. ಏಪ್ರಿಲ್ ಸೆಕೆಯಲ್ಲಿ ನಾವಿಬ್ಬರೂ ಬೀಸಣಿಗೆ ಹಿಡಿದು ಕೂತೆವು, ಹಕ್ಕಿ ಆರಾಮಾಗಿ ಕಿಟಕಿ ಸರಳಿನ ಮೇಲೆ ಕೂತಿತ್ತು.

ಆರಾಮಾಗಿ ಅಂದೆ. ಅದು ಆಮೇಲಿನ ಮಾತು. ಮೊದಲ ವಾರ ಹಾಗಿರಲಿಲ್ಲ.

ಬಂದ ದಿನ ರಾಜು ಪಂಜರದ ಮೂಲೆಯಲ್ಲಿ ಒಂದೇ ಕೊಂಬೆಯ ಮೇಲೆ ಕೂತವಳು ಕತ್ತಲಾದರೂ ಅಲ್ಲಾಡಲಿಲ್ಲ. ಗರಿಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ಸಣ್ಣದಾಗಿ ಹೋಗಿದ್ದಳು. ಊಟ ಮುಟ್ಟಲಿಲ್ಲ. ನೋಟ್‌ಬುಕ್ಕಿನ ಪ್ರಕಾರ ದಿನಾ ಬೆಳಿಗ್ಗೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಬೇಕು. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ಕಾಡಿನಲ್ಲಿ ಸುಸ್ತಾದವನೇ ಮೊದಲು ಗಿಡುಗನ ಬಾಯಿಗೆ ಹೋಗುವುದು ಅಲ್ವಾ, ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. ನಾನು ಟಿಕೆಟ್ ಲೆಕ್ಕದ ವೇ ಬಿಲ್ ಬರೆಯುವ ಹಾಗೆ ಕಾಲಂ ಹಾಕಿ ಬರೆದೆ. ಮೊದಲ ದಿನ 432 ಗ್ರಾಂ. ಮೂರನೇ ದಿನ 415. ಐದನೇ ದಿನ 398. ಪಂಜರದ ತಳದಲ್ಲಿ ಹಾಸಿದ್ದ ಪೇಪರಿನ ಮೇಲೆ ಚಿಕ್ಕ ಚಿಕ್ಕ ಬೂದು ಗರಿ. ಬಗ್ಗಿ ನೋಡಿದರೆ ಎದೆಯ ಮೇಲೆ ಎಂಟಾಣೆ ಅಗಲಕ್ಕೆ ಬೋಳು. ತಾನೇ ಕಿತ್ತುಕೊಳ್ಳುತ್ತಿದ್ದಳು.

ಹತ್ತಿರದ ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ "ಹಕ್ಕಿ ನೋಡೋರು ನಮ್ಮಲ್ಲಿ ಇಲ್ಲ" ಅಂದರು. ಇನ್ನೊಂದು ಕಡೆ ಹೋದೆ. ಅಲ್ಲಿ ನೋಡಿದರು, ಆದರೆ ನಾಯಿಗೆ ಹಚ್ಚುವ ಚರ್ಮದ ಎಣ್ಣೆ ಬರೆದುಕೊಟ್ಟರು. ನನಗೆ ಹಕ್ಕಿಯ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೂ ಗರಿಗೆ ಎಣ್ಣೆ ಹಚ್ಚಬಾರದು ಅನ್ನುವಷ್ಟು ಬುದ್ಧಿ ಇತ್ತು. ಮೇಷ್ಟ್ರು ತೋರಿಸುತ್ತಿದ್ದ ಡಾಕ್ಟರ್ ಇರುವುದು ಬೆಂಗಳೂರಿನಲ್ಲಿ. ಆರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಬಸ್ಸಿನಲ್ಲಿ ಹುಡುಗ ಕಂಡಕ್ಟರ್ ನನ್ನ ಗುರುತು ಹಿಡಿದ. ಚಿಕ್ಕ ಪಂಜರದ ಮೇಲೆ ಹೊದಿಸಿದ್ದ ಪಂಚೆಯ ಕಡೆ ನೋಡಿ, "ಬಿಡಿ ಸಾರ್, ನಮ್ಮವರೇ ಅಲ್ವಾ" ಅಂದ. ನಾನು ಬಿಡಲಿಲ್ಲ. "ಹರಿಯಪ್ಪ ಅರ್ಧ ಟಿಕೆಟ್ಟು" ಅಂದೆ. ಹಾಲಿನ ಬೂತಿನಲ್ಲಿ ಅಷ್ಟು ವಾದ ಮಾಡಿದವನು ನಾನು. ಆ ಟಿಕೆಟ್ ಈಗಲೂ ನೋಟ್‌ಬುಕ್ಕಿನೊಳಗೆ ಇದೆ. ದಾರಿಯುದ್ದಕ್ಕೂ ಪಂಚೆಯ ಅಂಚು ಎತ್ತಿ ಎತ್ತಿ ನೋಡುತ್ತಿದ್ದೆ. ಒಂದು ಕಣ್ಣು ಮಾತ್ರ ಕಾಣುತ್ತಿತ್ತು, ತೆಳು ಹಳದಿ ಕಣ್ಣು, ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು.

ಡಾಕ್ಟರು ಎದೆಮೂಳೆ ಮುಟ್ಟಿ ನೋಡಿದರು, ರಕ್ತ ತೆಗೆದರು. ರೋಗ ಏನಿಲ್ಲ, ಮನೆ ಬದಲಾಗಿದ್ದಕ್ಕೆ ಹೀಗೆ ಅಂದರು. ಕ್ಯಾಲ್ಸಿಯಂ ಸ್ವಲ್ಪ ಕಡಿಮೆಯಿತ್ತು, ಈ ಜಾತಿಗೆ ಅದು ಸಾಮಾನ್ಯವಂತೆ, ಹನಿ ಬರೆದುಕೊಟ್ಟರು. ದಿನಕ್ಕೆ ಎಷ್ಟು ಹೊತ್ತು ಅದರ ಜೊತೆ ಇರ್ತೀರಿ ಅಂತ ಕೇಳಿದರು. ಇಡೀ ದಿನ ಮನೆಯಲ್ಲೇ ಇರ್ತೀನಲ್ಲ ಅಂದೆ. "ಮನೆಯಲ್ಲಿ ಇರೋದಲ್ಲ. ಅದರ ಜೊತೆ." ನಾನು ಪೇಪರ್ ಓದುತ್ತಾ ಅದರ ಪಕ್ಕ ಕೂತಿರುತ್ತಿದ್ದೆ, ನಿಮ್ಮ ಪೇಪರೇ. ಅದು ಲೆಕ್ಕಕ್ಕಿಲ್ಲ ಅಂತ ಗೊತ್ತಾಯಿತು.

ಅಮೆರಿಕದಲ್ಲಿ ಅಲೆಕ್ಸ್ ಅಂತ ಇದೇ ಜಾತಿಯ ಒಂದು ಗಿಳಿ ಇತ್ತು. ಐರೀನ್ ಪೆಪ್ಪರ್‌ಬರ್ಗ್ ಅನ್ನುವ ವಿಜ್ಞಾನಿ ಅಂಗಡಿಯಲ್ಲಿ ಕೊಂಡು ತಂದು 30 ವರ್ಷ ಪಾಠ ಹೇಳಿದರು. ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. 2007ರಲ್ಲಿ ಸತ್ತಾಗ ಅದಕ್ಕೆ 31 ವರ್ಷ. ನಾವು ಗಿಳಿಪಾಠ ಅಂದರೆ ಅರ್ಥ ತಿಳಿಯದೆ ಒದರುವುದು ಅಂತ ತಿಳಿದಿದ್ದೇವೆ. ಅಷ್ಟು ತಲೆ ಇರುವ ಪ್ರಾಣಿಯನ್ನು ಸುಮ್ನೆ ಪಂಜರದಲ್ಲಿ ಕೂರಿಸಿ, ಬಟ್ಟಲು ತುಂಬಾ ಸೂರ್ಯಕಾಂತಿ ಬೀಜ ಸುರಿದರೆ ಅದು ದಿನವಿಡೀ ಏನು ಮಾಡಬೇಕು? ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ.

ಕೆಲಸ ಕೊಡಬೇಕು ಅಂದರು ಡಾಕ್ಟರು. ಆಟದ ಸಾಮಾನಿನ ಬೆಲೆ ಕೇಳಿ ನನಗೆ ತಲೆ ತಿರುಗಿತು. ಹಾಗಾಗಿ ದೇವರಾಜ ಮಾರ್ಕೆಟ್ಟಿನಿಂದ ಅಡಿಕೆ ಹಾಳೆಯ ದೊನ್ನೆ ತಂದೆ. ಒಂದು ದೊನ್ನೆಯಲ್ಲಿ ಎರಡು ಬಾದಾಮಿ ಇಟ್ಟು, ಮೇಲೆ ಇನ್ನೊಂದು ದೊನ್ನೆ ಕವುಚಿ, ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದೆ. ಮೊದಲ ದಿನ ಹತ್ತಿರವೇ ಬರಲಿಲ್ಲ. ಎರಡನೇ ದಿನ ತಲೆ ಓರೆ ಮಾಡಿ ನೋಡಿದಳು. ಮೂರನೇ ದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದುಕೊಂಡು ಕೂತಿದ್ದೆ. ಮೆಲ್ಲಗೆ ಪಕ್ಕಕ್ಕೆ ಹೆಜ್ಜೆ ಹಾಕಿ ಬಂದಳು. ಎರಡು ಬೆರಳು ಮುಂದೆ, ಎರಡು ಬೆರಳು ಹಿಂದೆ ಇರುವ ಕಾಲು ಅದು, ನಮ್ಮ ಕೈಗೆ ಏನೂ ಕಡಿಮೆಯಿಲ್ಲ. ದೊನ್ನೆಯ ಅಂಚನ್ನು ಎಡಗಾಲಲ್ಲಿ ಹಿಡಿದಳು. ಕೊಕ್ಕಿನ ತುದಿಯಿಂದ ನಾರಿನ ಗಂಟನ್ನು ಒತ್ತಿ ಒತ್ತಿ ನೋಡಿದಳು. ಕಚ್ಚಿ ಹರಿಯಲಿಲ್ಲ. ಬಿಚ್ಚಿದಳು. ಕಪ್ಪು ನಾಲಿಗೆ ಒಳಗೆ ಹೊರಗೆ ಆಡುತ್ತಿತ್ತು, ಅಷ್ಟೇ. ಬಾದಾಮಿ ತಿಂದಾದ ಮೇಲೆ ಎರಡೂ ದೊನ್ನೆಗಳನ್ನು ಚೂರು ಚೂರು ಮಾಡಿ ಕೆಳಗೆ ಉದುರಿಸಿದಳು. ನನ್ನ ಕಾಫಿ ಆರಿ ತಣ್ಣಗಾಗಿತ್ತು. ಮಾರನೇ ದಿನ ತೂಕ 404. ತಿಂಗಳ ಕೊನೆಗೆ 429.

ಕಚ್ಚಿದ್ದರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮಾರುವವರು ಅದನ್ನು ಹೇಳುವುದಿಲ್ಲ. ಎರಡನೇ ವಾರ ಧೈರ್ಯ ಮಾಡಿ ಪಂಜರದೊಳಗೆ ಕೈ ಹಾಕಿದೆ. ತೋರುಬೆರಳಿನ ಉಗುರಿನ ಪಕ್ಕ ಕಚ್ಚಿದ್ದು ಮೂಳೆಗೆ ತಾಗಿದ ಹಾಗಿತ್ತು. ರಕ್ತ ಬಂತು, ಬಾಯಲ್ಲಿ ಹಳೇ ರೂಟಿನ ಬೈಗುಳವೂ ಬಂತು. ಅದು ಕಲಿಯಲಿಲ್ಲ, ಪುಣ್ಯ. ತಪ್ಪು ನನ್ನದೇ. ಅದು ಮೊದಲೇ ಹೇಳಿತ್ತು. ಕಣ್ಣಿನ ಕಪ್ಪು ಬೊಟ್ಟು ಸಣ್ಣದಾಗಿ ದೊಡ್ಡದಾಗಿ ಮತ್ತೆ ಸಣ್ಣದಾಗುತ್ತಿತ್ತು, ಕತ್ತಿನ ಗರಿ ಎದ್ದಿತ್ತು. ಟಿಕೆಟ್ ತಗೊಳ್ಳದೆ ಕೂತವನ ಮುಖವನ್ನು ಹಿಂದಿನ ಬಾಗಿಲಿನಿಂದಲೇ ಗುರುತಿಸುತ್ತಿದ್ದವನು ನಾನು. ಇಷ್ಟು ದೊಡ್ಡದಾಗಿ ಬರೆದಿದ್ದನ್ನು ಓದಲಿಲ್ಲ. ಆಮೇಲೆ ಬಾಗಿಲು ತೆಗೆದು ಸುಮ್ಮನೆ ಕೂರುತ್ತಿದ್ದೆ, ಅವಳಾಗಿಯೇ ಬರಲಿ ಅಂತ. ಕೈ ಮುಂದೆ ಮಾಡಿ "ಹತ್ತು" ಅನ್ನಬೇಕು ಅಂತ ನೋಟ್‌ಬುಕ್ಕಿನಲ್ಲಿತ್ತು. ಮೂವತ್ತು ವರ್ಷದ ಅಭ್ಯಾಸ, ನನ್ನ ಬಾಯಲ್ಲಿ "ಹತ್ತಿ ಹತ್ತಿ, ಮುಂದೆ ಹೋಗಿ" ಅಂತಲೇ ಬಂತು. ಹದಿನೈದು ದಿನಕ್ಕೆ ಅವಳು ಹತ್ತಿದಳು. ಮೊಣಕೈವರೆಗೂ ನಡೆದು ಮುಂದೆಯೂ ಹೋದಳು.

ಮಾತು? ಎಲ್ಲರೂ ಅದನ್ನೇ ಕೇಳುತ್ತಾರೆ. ಮಾತಾಡಿದಳು, ಮಾತಾಡಬಾರದಿತ್ತು ಅನ್ನುವಷ್ಟು. ಮೇಷ್ಟ್ರ ಹೆಂಡತಿಯ ದನಿಯಲ್ಲಿ "ರೀ, ಬಾಗಿಲು ನೋಡ್ರೀ" ಅನ್ನುತ್ತಿದ್ದಳು. ನಾನು "ಏನೇ?" ಅಂತ ಎದ್ದು ಹೋಗಿ ಬಾಗಿಲು ತೆಗೆದರೆ ಯಾರೂ ಇಲ್ಲ. ಮೇಷ್ಟ್ರ ಕೆಮ್ಮು, ಅವರ ಫೋನಿನ ರಿಂಗು, ಗೇಟಿನ ಕಿರ್ರ್ ಎಲ್ಲ ಒಳಗಿದ್ದವು. ನಮ್ಮ ಮನೆಗೆ ಬಂದ ಮೇಲೆ ಕಲಿತ ಮೊದಲ ಪಾಠ ಕುಕ್ಕರಿನ ವಿಷಲ್. ನನ್ನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ವಿಷಲ್ ಎಣಿಸುವವಳು. ಮೂರು ಕೂಗಿತು ಅಂತ ಬಂದು ಒಲೆ ಆರಿಸಿದಳು. ತೆಗೆದು ನೋಡಿದರೆ ಬೇಳೆ ಕಾಳು ಕಾಳಾಗಿಯೇ ಇದೆ. ಒಂದು ಕುಕ್ಕರಿನದು, ಎರಡು ರಾಜುವಿನದು. ಅಲೆಕ್ಸ್ ಆರರವರೆಗೆ ಎಣಿಸುತ್ತಿತ್ತು ಅಂದೆನಲ್ಲ, ನಮ್ಮನ್ನು ಹಾಳು ಮಾಡಲು ರಾಜುವಿಗೆ ಮೂರೇ ಸಾಕಾಯಿತು.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಅಂಗಡಿಯ ಪೆಲೆಟ್ ಜೊತೆ ಮೊಳಕೆ ಹೆಸರುಕಾಳು, ಕ್ಯಾರೆಟ್, ನುಗ್ಗೆಸೊಪ್ಪು, ದಾಳಿಂಬೆ. ಹಸಿಮೆಣಸಿನಕಾಯಿಯನ್ನು ನಾವು ಚಕ್ಕುಲಿ ತಿನ್ನುವ ಹಾಗೆ ತಿನ್ನುತ್ತಾಳೆ, ಹಕ್ಕಿಗೆ ಖಾರ ಗೊತ್ತಾಗುವುದಿಲ್ಲ. ಬೆಣ್ಣೆಹಣ್ಣು ಮಾತ್ರ ಹಕ್ಕಿಗೆ ವಿಷ, ಚಾಕೊಲೇಟ್ ಕೂಡ. ನಮ್ಮ ಮೊಮ್ಮಗ ರಜಕ್ಕೆ ಬಂದಾಗ ಅವನ ಜೇಬು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದೆ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲಲ್ಲಿ ನಿದ್ದೆ ಬೇಕು ಅದಕ್ಕೆ. ಹಾಗಾಗಿ ಏಳೂವರೆಗೆ ಪಂಜರಕ್ಕೆ ಹಳೇ ಸೀರೆ ಹೊದಿಸಿ, ಟಿವಿ ದನಿ ತಗ್ಗಿಸಿ, ಒಂಬತ್ತರ ಧಾರಾವಾಹಿಯನ್ನು ಮೂಕಿ ಸಿನಿಮಾದ ಹಾಗೆ ನೋಡುತ್ತಿದ್ದೆವು.

ಜೂನ್‌ನಲ್ಲಿ ಒಂದು ಭಾನುವಾರ ಮೇಷ್ಟ್ರು ವಿಡಿಯೊ ಕಾಲ್ ಮಾಡಿದರು. ಅಲ್ಲಿಯವರೆಗೆ ಬೇಡ ಅಂತ ನಾನೇ ತಡೆದಿದ್ದೆ. "ಒಂದ್ಸಲ ತೋರಿಸಿ ಕಂಡಕ್ಟ್ರೇ" ಅಂದಾಗ ಇಲ್ಲ ಅನ್ನಲಾಗಲಿಲ್ಲ. ಮೊಬೈಲನ್ನು ಪಂಜರದ ಮುಂದೆ ಹಿಡಿದೆ. "ರಾಜೂ" ಅಂತ ಕರೆದರು. ರಾಜು ಮೊಬೈಲಿನ ಮುಂಭಾಗ ನೋಡಿದಳು. ಆಮೇಲೆ ಸರಳಿಗೆ ಮುಖ ಒತ್ತಿ ಅದರ ಹಿಂಭಾಗ ನೋಡಲು ಕತ್ತು ಚಾಚಿದಳು. ಅಲ್ಲಿ ಇದ್ದದ್ದು ನನ್ನ ಹೆಬ್ಬೆರಳು. ತಿರುಗಿ ಗೋಡೆ ಕಡೆ ಮುಖ ಮಾಡಿ ಕೂತಳು. ಆ ಕಡೆ ಮೇಷ್ಟ್ರು "ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ" ಅಂತ ಫೋನ್ ಇಟ್ಟರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಇಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಒಂದು ಸಂಜೆ ನಾಲ್ಕನೇ ಕ್ರಾಸಿನವರೊಬ್ಬರು ಶೂ ಡಬ್ಬಿಯೊಳಗೆ ಹಸಿರು ಗಿಳಿಮರಿ ಹಿಡಿದುಕೊಂಡು ಬಂದರು. ಮಗುವಿನ ಹುಟ್ಟುಹಬ್ಬಕ್ಕೆ ಯಾರಿಂದಲೋ ಕೊಂಡಿದ್ದರು. ಇನ್ನೂ ಸರಿಯಾಗಿ ಗರಿ ಬಂದಿರಲಿಲ್ಲ. "ಹೇಗೆ ಸಾಕೋದು ಸ್ವಲ್ಪ ಹೇಳ್ಕೊಡಿ ಸಾರ್." ನಮ್ಮ ನೆಲದ ಗಿಳಿ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ, ದಂಡವೂ ಇದೆ ಜೈಲೂ ಇದೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಎಲ್ಲರ ಮನೇಲೂ ಇರತ್ತಲ್ಲ ಸಾರ್" ಅಂದರು. ಹೌದು, ಇರುತ್ತದೆ. ನಿಮ್ಮ ಮನೆಯಲ್ಲಿರುವ ಪರದೇಶದ ಗಿಳಿ ಆಗುತ್ತೆ, ನಮ್ಮೂರ ಗಿಳಿ ಆಗಲ್ವಾ ಅಂತಲೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮೂರ ಗಿಳಿಗೆ ಹಾರಿಹೋಗಲು ಇಲ್ಲೇ ಮರ ಇದೆ, ರಾಜುವಿಗೆ ಇಲ್ಲಿ ಎಲ್ಲಿದೆ ಅಂದೆ. ಗಿಣಿಗೆ ಹೇಳಿದ ಹಾಗೆ ಅರ್ಧ ಗಂಟೆ ಹೇಳಿದ ಮೇಲೆ ಒಪ್ಪಿದರು. ಇಬ್ಬರೂ ಹೋಗಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದೆವು.

ಹೇಳುವಾಗ ನನ್ನ ದನಿ ಜೋರಾಗಿದ್ದಕ್ಕೆ ಬೇರೆ ಕಾರಣ ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ, ಕಾಡಂಚಿನ ಸ್ಟಾಪುಗಳಲ್ಲಿ ಕೆಲವರು ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಹತ್ತುತ್ತಿದ್ದರು. ಒಳಗೆ ಮರದ ಪೊಟರೆಯಿಂದ ತೆಗೆದ ಗಿಳಿಮರಿಗಳು. ಆ ವ್ಯಾಪಾರ ಆಗಲೇ ನಿಷೇಧವಾಗಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ಏನು ಮಾಡುತ್ತಿದ್ದೆನೋ. ಬುಟ್ಟಿ ಲೆಕ್ಕದಲ್ಲಿ ಲಗೇಜ್ ಟಿಕೆಟ್ ಹರಿದು ಕೊಟ್ಟಿದ್ದೇನೆ. ಇಳಿಯುವಾಗ ಕೆಲವು ಮರಿ ಸತ್ತಿರುತ್ತಿದ್ದವು. ಅವನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಬದುಕಿದ್ದವು ಪೇಟೆಯ ಪಂಜರಗಳಿಗೆ, ಒಂದೆರಡು ಗಿಳಿಶಾಸ್ತ್ರದವರ ಪೆಟ್ಟಿಗೆಗೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ ನೋಡಿ.

ಗಣಪತಿ ಹಬ್ಬ ಮುಗಿದ ಮೇಲೆ ಮೇಷ್ಟ್ರು ವಾಪಸ್ ಬಂದರು. ರಾಜು ಎರಡು ದಿನ ಅವರ ಕೈಗೆ ಹತ್ತಲಿಲ್ಲ. ಮೂರನೇ ದಿನ ಹತ್ತಿ, ಅವರ ಕನ್ನಡಕ ಕಿತ್ತು ಕೆಳಗೆ ಹಾಕಿದಳು. ಅವತ್ತು ಸಂಜೆ ಪಂಜರ ಎದುರುಮನೆಗೆ ಹೋಯಿತು.

ಆವತ್ತಿನಿಂದ ವಾರಕ್ಕೆ ಇಬ್ಬರಾದರೂ ನನ್ನನ್ನು ನಿಲ್ಲಿಸಿ ಕೇಳುತ್ತಾರೆ, "ನಮಗೂ ಅಂಥದ್ದು ಒಂದು ಕೊಡಿಸಿ." ಎಷ್ಟು ಮಾತು ಕಲಿಯುತ್ತೆ, ಎಷ್ಟು ರೇಟು, ಎಷ್ಟು ದೊಡ್ಡ ಪಂಜರ. ಎಷ್ಟು ವರ್ಷ ಬದುಕುತ್ತೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮನೆಯಲ್ಲಿ ಚೆನ್ನಾಗಿ ನೋಡಿಕೊಂಡ ಆಫ್ರಿಕನ್ ಗ್ರೇ 40ರಿಂದ 60 ವರ್ಷ ಬದುಕುತ್ತದೆ. ಮೇಷ್ಟ್ರಿಗೆ ಈಗ 67. ರಾಜುವಿಗೆ 9. ನೀವೇ ಕೂಡಿಸಿ ನೋಡಿ. ಹೋಗುವ ಹಿಂದಿನ ದಿನ ನೋಟ್‌ಬುಕ್ ಕೊಡುವಾಗ ಮೇಷ್ಟ್ರು ಕೇಳಿದ್ದರು, "ಅಕಸ್ಮಾತ್ ನಾವು ವಾಪಸ್ ಬರದಿದ್ರೆ ನೀವೇ ಇಟ್ಕೊತೀರಾ?" ರಾಜುವನ್ನು ಮಗಳು ಅಮೆರಿಕಕ್ಕೆ ಕರೆಸಿಕೊಳ್ಳೋಣ ಅಂದರೆ ಎರಡು ದೇಶಗಳ ಪರವಾನಗಿ ಬೇಕು, ಸುಲಭದ ಮಾತಲ್ಲ. ನನಗೇ ಅರವತ್ತು ದಾಟಿದೆ ಮೇಷ್ಟ್ರೇ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ರಾಜು ಫೋನ್ ರಿಂಗಿನ ಸದ್ದು ಮಾಡಿದಳು. ಇಬ್ಬರೂ ಜೇಬಿಗೆ ಕೈ ಹಾಕಿದೆವು.

ಮೇಷ್ಟ್ರು ಈಗ ತಮ್ಮ ತಂಗಿಯ ಮಗನನ್ನು ಒಪ್ಪಿಸಿದ್ದಾರೆ. ಅವನಿಗೆ 26. ಒಪ್ಪಿಕೊಂಡರೆ ಸಾಲದು ಅಂತ ನಾನು ಹಟ ಹಿಡಿದು, ಮುಂದಿನ ಬೇಸಿಗೆಯಲ್ಲಿ ಒಂದು ತಿಂಗಳು ರಾಜುವನ್ನು ಅವನ ಮನೆಯಲ್ಲಿ ಇರಿಸುವ ಏರ್ಪಾಡು ಮಾಡಿಸಿದ್ದೇನೆ. ದೋಸೆ ಹೆಂಚು ಅಟ್ಟಕ್ಕೆ ಹೋಗಬೇಕು, ಬೆರಳಿಗೆ ಒಂದು ಸಲ ಕಚ್ಚಿಸಿಕೊಳ್ಳಬೇಕು. ಆಮೇಲೂ ಬೇಕು ಅಂದರೆ ಅವನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯೋಣ. ಗಿಳಿ ಬೇಕು ಅಂತ ನನ್ನ ಹತ್ತಿರ ಬರುವವರಿಗೂ ಇದನ್ನೇ ಹೇಳುತ್ತಿದ್ದೇನೆ. ಮಕ್ಕಳ ಬಾಣಂತನಕ್ಕೆ ಅಂತ ಆರು ತಿಂಗಳು ಮನೆಗೆ ಬೀಗ ಹಾಕಿ ಹೋಗುವವರು ನಮ್ಮ ಬಡಾವಣೆಯ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಹಕ್ಕಿ ಸಾಕಿದವರೂ ಇದ್ದಾರೆ, ಯಾರಿಗೆ ಬಿಟ್ಟುಹೋಗಲಿ ಅಂತ ಪರದಾಡುತ್ತಾರೆ. ಮೊದಲು ಅಂಥದ್ದೊಂದನ್ನು ಮನೆಗೆ ತಂದುಕೊಂಡು ನೋಡಿ. ಹೀಗೆ ಹೇಳಿದ ಮೇಲೆ ಮೂವರು ಮತ್ತೆ ಬರಲೇ ಇಲ್ಲ. ಒಬ್ಬರು ಮಾತ್ರ, ಹೂವಿನ ಅಂಗಡಿಯವರು, ಊರಿಗೆ ಹೋದ ನೆಂಟರ ಎರಡು ಕಾಕಟೀಲ್‌ಗಳನ್ನು, ಅಂದರೆ ಜುಟ್ಟಿನ ಪುಟ್ಟ ಗಿಳಿಗಳನ್ನು, ತಂದಿಟ್ಟುಕೊಂಡಿದ್ದಾರೆ. ದಿನಾ ಒಂದು ಪ್ರಶ್ನೆ ಹೊತ್ತು ಬರುತ್ತಾರೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಇನ್ನೊಂದು ಮಾತು, ಇದು ಪಶುಸಂಗೋಪನೆ ಇಲಾಖೆಯವರ ಕಣ್ಣಿಗೆ ಬೀಳಲಿ. ಹಕ್ಕಿ ಬಲ್ಲ ಡಾಕ್ಟರ್ ಜಿಲ್ಲೆಗೊಬ್ಬರು, ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕೂತರೂ ಸಾಕು. ಹಳ್ಳಿಯವರ ಕೋಳಿ, ಪೇಟೆಯವರ ಗಿಳಿ, ಮಾಂಜಾ ದಾರಕ್ಕೆ ರೆಕ್ಕೆ ಕೊಟ್ಟ ಹದ್ದು, ಎಲ್ಲವೂ ಬರುತ್ತವೆ. 398 ಗ್ರಾಂ ಹಕ್ಕಿಯನ್ನು ಪಂಚೆ ಹೊದಿಸಿಕೊಂಡು ಮೊದಲ ಬಸ್ಸಿಗೆ ಬೆಂಗಳೂರಿಗೆ ಓಡುವ ಗತಿ ಎಲ್ಲರಿಗೂ ಬರುವುದು ಬೇಡ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ನಾನು ಬೈಸಿಕೊಂಡ ಭಾಗ ತೆಗೆಯಿರಿ, ಬುಟ್ಟಿಗಳ ವಿಷಯ ತೆಗೆಯಬೇಡಿ.

ನಮ್ಮ ಮನೆಯಲ್ಲಿ ಈಗ ಊದುಬತ್ತಿ ಹಚ್ಚುತ್ತೇವೆ, ಫ್ಯಾನು ತಿರುಗುತ್ತದೆ. ದೋಸೆ ಮಾತ್ರ ಕಬ್ಬಿಣದ ಕಾವಲಿಯಲ್ಲೇ ಆಗುತ್ತಿದೆ, ರುಚಿ ಅದರಲ್ಲೇ ಜಾಸ್ತಿ ಅಂತ ಹೆಂಡತಿಯೇ ಹೇಳುತ್ತಾಳೆ. ಎದುರುಮನೆಯಿಂದ ಬೆಳಿಗ್ಗೆ "ಹತ್ತಿ ಹತ್ತಿ, ಮುಂದೆ ಹೋಗಿ" ಅಂತ ನನ್ನದೇ ದನಿ ಕೇಳಿಸುತ್ತದೆ. ಹಿತ್ತಲಿನವರೆಗೆ ಕುಕ್ಕರಿನ ವಿಷಲ್ ಕೂಡ. ಅದಕ್ಕೇ ನಮ್ಮವಳು ಈಗಲೂ ವಿಷಲ್ ಎಣಿಸುವುದಿಲ್ಲ, ಗಡಿಯಾರ ನೋಡಿ ಒಲೆ ಆರಿಸುತ್ತಾಳೆ.

ಇಂತಿ,
ನಿವೃತ್ತ ಬಸ್ ನಿರ್ವಾಹಕ,
ಕುವೆಂಪುನಗರ, ಮೈಸೂರು